ಸತ್ತವನ ಟೋಪಿ

ಭಾನುವಾರದ ಊಟಕ್ಕೆ ಒಟಿಲಿ ಆಲೂಗಡ್ಡೆ ಕಡುಬು ಮಾಡಿದ್ದಳು. ಹಿರಿಯ ಮಗ ವೋಲ್ಫ್ರಾಮ್ ತಟ್ಟೆ ಮುಟ್ಟಲಿಲ್ಲ.

"ಅಮ್ಮಾ, ಇವತ್ತು ನನ್ನ ಸಂಘಕ್ಕೆ ಸೇರಿಸ್ಕೋತಾರೆ. ಬಿಯರ್ ವಾಸನೆಗೇ ನಂಗೆ ವಾಕರಿಕೆ ಬರತ್ತೆ."

ಅದು ಊರಿನ ಹಳೆಯ ಲ್ಯಾಟಿನ್ ಶಾಲೆಯ ಹುಡುಗರ ಕುಡಿತದ ಸಂಘ. ಹಿರಿಯರು 'ಸಾಕು' ಎನ್ನುವ ತನಕ ಹೊಸಬ ಮಗ್ ಇಳಿಸುವಂತಿಲ್ಲ. ಗುಟ್ಟಿನ ಸಂಘವೆಂಬುದು ಹೆಸರಿಗಷ್ಟೇ; ಊರಿನ ಜಡ್ಜು, ಡಾಕ್ಟರು, ಪಾದ್ರಿ ಎಲ್ಲರೂ ಅಲ್ಲೇ ಕುಡಿದು ದೊಡ್ಡವರಾದ ಮಹಾನುಭಾವರು!

"ನಾನೂ ವಾಂತಿ ಮಾಡ್ಕೊಂಡೇ ಕಲ್ತಿದ್ದು ಕಣೋ. ಸತ್ತೋದ್ನಾ?" ಎಂದು ಅಪ್ಪ ಯುಸ್ಟುಸ್ ನಕ್ಕ. ಆ ಜಡ್ಜು ಅವನೇ.

ಹಿಂದಿನ ದಿನವಷ್ಟೇ ಗ್ರೀಕ್ ಮೇಷ್ಟ್ರು ಲಾಂಬ್ರೆಖ್ಟ್ ಮನೆಗೆ ಬಂದು ಬೇಡಿಕೊಂಡಿದ್ದರು. "ಜಡ್ಜ್ ಸಾಹೇಬ್ರೇ, ಯಾರಿಗೂ ಕುರುಡಾಗಿ ತಲೆಬಾಗಬೇಡಿ, ಮನುಷ್ಯರಾಗಿ ಅಂತ ನಾವು ತರಗತಿಲಿ ಕಲಿಸ್ತೀವಿ. ಸಂಜೆ ಅದೇ ಮಕ್ಕಳು ಸಂಘದೋರು ಹೇಳಿದಷ್ಟು ಕುಡೀತಾರೆ. ನೀವೊಂದು ಮಾತು ಬೇಡ ಅಂದ್ರೆ ನಿಲ್ಲತ್ತೆ."

"ನೀವು ವ್ಯಾಕರಣ ನೋಡ್ಕೊಳ್ಳಿ ಮೇಷ್ಟ್ರೇ. ನಮ್ಮ ಚಕ್ರವರ್ತಿ ಕೈಸರರಿಗೆ ಬೇಕಾದ ಗಂಡಸ್ರನ್ನ ಮಾಡೋದು ನಮಗೆ ಬಿಡಿ."

ಒಟಿಲಿ ಆಗಲೂ ತುಟಿ ಬಿಚ್ಚಿರಲಿಲ್ಲ, ಈಗಲೂ ಬಿಚ್ಚಲಿಲ್ಲ.

ಸಂಜೆ ವೋಲ್ಫ್ರಾಮನನ್ನು ಹಲಗೆಯ ಮೇಲೆ ಹೊತ್ತು ತಂದರು. ಮೈ ತಣ್ಣಗಾಗಿತ್ತು. "ನಿದ್ದೆ ಹೋಗಿದಾನೆ ಅಂದ್ಕೊಂಡ್ವಿ ಅಮ್ಮಾವ್ರೇ," ಎಂದು ಒಬ್ಬ ಹುಡುಗ ಬಿಕ್ಕಿದ. ವಾಂತಿ ಗಂಟಲಿಗೆ ಸಿಕ್ಕಿ ಅವನು ಬೆಂಚಿನ ಮೇಲೆ ಉಸಿರುಕಟ್ಟುತ್ತಿದ್ದಾಗ ಇವರು ಪಕ್ಕದಲ್ಲೇ ಹಾಡುತ್ತಿದ್ದರಂತೆ. ಅಯ್ಯೋ, ಆ ಬಾಯಿಗಳಿಗೆ ಹಾಡಾದರೂ ಹೇಗೆ ಬಂತು!

"ಹುಡುಗನ ಹೃದಯ ಮೊದಲಿಂದ್ಲೂ ವೀಕು," ಎಂದರು ಡಾಕ್ಟರು, ಜಡ್ಜರ ಮುಖ ನೋಡುತ್ತ. ಜಡ್ಜು ಹೌದೆಂದು ತಲೆಯಾಡಿಸಿದ.

ಮಣ್ಣು ಮಾಡಿ ಬಂದ ಮೇಲೆ ಸಂಘದವರೆಲ್ಲ ಮನೆಗೇ ಬಂದರು. ಸತ್ತ ಸದಸ್ಯನ ಹೆಸರಿನಲ್ಲಿ ಕುಡಿಯುವುದು ಅವರ ಪದ್ಧತಿ. ಅವಳದೇ ನಡುಮನೆಯಲ್ಲಿ ಮಗ್‌ಗಳು ಮೇಲೆದ್ದವು. ಅಷ್ಟಕ್ಕೇ ಮುಗಿಯಲಿಲ್ಲ. ಸತ್ತ ದಿನದ ಸಂಜೆ ವೋಲ್ಫ್ರಾಮನಿಗೆ ತೊಡಿಸಿದ್ದ ಸಂಘದ ಟೋಪಿಯನ್ನು ಡಾಕ್ಟರು ಅವನ ತಮ್ಮ ಕಾನ್ರಾಟನ ತಲೆಗಿಟ್ಟರು.

"ಅಣ್ಣನ ಜಾಗ ಖಾಲಿ ಇರಬಾರ್ದು ಮರಿ. ಹಿಡಿ, ಕುಡಿ."

ಕಾನ್ರಾಟ್ ಅಪ್ಪನ ಕಡೆ ನೋಡಿದ. ಅಪ್ಪ ಕಣ್ಣೊರೆಸಿಕೊಂಡು, ಹೂಂ ಎಂದ.

ಒಟಿಲಿ ಮಗ್ ಕಿತ್ತುಕೊಂಡು ನೆಲಕ್ಕೆ ಸುರಿದಳು. ಟೋಪಿ ತೆಗೆದು ಡಾಕ್ಟರ ಕೈಗಿಟ್ಟಳು. "ಇವನನ್ನ ಕೊಡಲ್ಲ."

"ಏನೇ ಇದು, ಬಂದೋರ ಮುಂದೆ!" ಯುಸ್ಟುಸ್ ಗದರಿದ.

"ಬಂದೋರಾ? ನನ್ನ ಮಗನ್ನ ಕೊಂದೋರು ಕಣ್ರೀ. ನೀವೂ ಸೇರಿ. ಬಾಯಿ ಮುಚ್ಕೊಂಡಿದ್ದ ನಾನೂ ಸೇರಿ." ಅವಳು ಕಾನ್ರಾಟನ ಕೈ ಹಿಡಿದಳು. "ನಡಿ ಮಗಾ. ಮೇಷ್ಟ್ರನ್ನ ಕರ್ಕೊಂಡು ಪೊಲೀಸ್ ಠಾಣೆಗೆ ಹೋಗೋಣ."

"ಜಡ್ಜ್ ಹೆಂಡ್ತಿ ಠಾಣೆಗೆ ಹೋಗ್ತಾಳಾ?"

"ಹೋಗ್ತಾಳೆ."

ಬಾಗಿಲು ದಾಟುವಾಗ ಒಮ್ಮೆ ಹಿಂತಿರುಗಿ ನೋಡಿದಳು. ಅಷ್ಟು ಜನ ಗಂಡಸರಲ್ಲಿ ಒಬ್ಬನೂ ಇನ್ನೂ ಮಗ್ ಕೆಳಗಿಟ್ಟಿರಲಿಲ್ಲ.