ಕುರುಗೋಡಿನ ವಂಕಿ

ಮೂಕಮ್ಮನಿಗೆ ವಂಕಿ ಇರಲಿಲ್ಲ. ಮದುವೆಯ ಮಾತಿನಲ್ಲಿ ತವರಿನವರು ತೋಳಿಗೆ ಒಂದು ಜೊತೆ ಬೆಳ್ಳಿ ವಂಕಿ ಒಪ್ಪಿಕೊಂಡಿದ್ದರು, ಹಾಕಲಿಲ್ಲ. ಕೆಂಚನಗುಡ್ಡದಿಂದ ಬರಿದೋಳಿನಲ್ಲಿ ಬಂದ ಸೊಸೆ ಎಂದು ಕುರುಗೋಡಿನ ಅತ್ತೆ ಒಲೆಯ ಮುಂದೆಯೂ ಅಂದಳು, ಬಾವಿಯ ಹತ್ತಿರ ನಾಲ್ಕು ಜನರ ಎದುರಿಗೂ ಅಂದಳು.

ಅರವತ್ತಾರನೆಯ ಇಸವಿಯಲ್ಲಿ ಮೂಕಮ್ಮನ ಮಗಳು ಸಾವಂತ್ರಿಯ ಜವಳಕ್ಕೆ ತಾಯಿ ದೊಡ್ಡಬಸಮ್ಮ ಕುರುಗೋಡಿಗೆ ಬಂದಿದ್ದಳು. ಆ ದಿನ ಓಣಿಯಲ್ಲಿ ಡಂಗುರ ಹೊಡೆದರು. ಮಕ್ಕಳ ತಾಯಂದಿರಿಗೆ ಸರಕಾರದವರು ಪುಕ್ಕಟೆ ವಂಕಿ ಹಾಕುತ್ತಾರೆ, ಊರ ಹೊರಗಿನ ಡೇರೆಗೆ ಬರಬೇಕು ಎಂದು. ಎಲ್ಲಿಂದಲೋ ಹಡಗಿನಲ್ಲಿ ಗೋಧಿ ತರಿಸಿ ಸಾಲಿ ಹುಡುಗರಿಗೆ ಉಪ್ಪಿಟ್ಟು ಹಾಕುವ ಸರಕಾರ ತೋಳಿಗೂ ಏನಾದರೂ ಹಾಕಬಹುದು ಎಂದು ನಂಬುವುದು ದೊಡ್ಡಬಸಮ್ಮನಿಗೆ ಕಷ್ಟವಾಗಲಿಲ್ಲ. ಮಗಳನ್ನು ತಾನೇ ಹೊರಡಿಸಿದಳು.

ಸಂಜೆ ಊರಿಗೆ ಹೊರಟ ತಾಯಿಯನ್ನು ಬಸ್ಸು ಹತ್ತಿಸಲು ಮೂಕಮ್ಮ ಅತ್ತೆಯ ಜೊತೆ ಬಂದಳು. ಹಾಕಿದರೇನು ಎಂದು ದೊಡ್ಡಬಸಮ್ಮ ಪಿಸುದನಿಯಲ್ಲಿ ಕೇಳಿದಳು. ಹಾಕಿದರು ಎಂದು ಮೂಕಮ್ಮ ತಲೆ ತಗ್ಗಿಸಿ ಸೆರಗನ್ನು ಮೈತುಂಬ ಹೊದ್ದುಕೊಂಡಳು.

“ಯಾರಿಗೂ ತೋರಿಸಬ್ಯಾಡ,” ಎಂದಳು ತಾಯಿ, ಕಂಡರೆ ಕಸಿದುಕೊಂಡಾಳೆಂದು ಬೀಗಿತ್ತಿಯ ಕಡೆ ಒಮ್ಮೆ ನೋಡಿ.

ಮೂರು ತಿಂಗಳಿಗೆ ಮೂಕಮ್ಮ ಸತ್ತಳು. ಹೆಣ ನೋಡಲು ಬಂದ ದೊಡ್ಡಬಸಮ್ಮ ಮೊದಲು ಅತ್ತಳು, ಆಮೇಲೆ ಎರಡೂ ತೋಳು ತಡವಿ ನೋಡಿದಳು, ಆಮೇಲೆ ಅಳಿಯ ಗಾಳೆಪ್ಪನನ್ನು ಕಳ್ಳ ಎಂದಳು. ಅವನು ಬಾಯಿ ಬಿಡಲಿಲ್ಲ. ಅಲ್ಲಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ವರ್ಷಕ್ಕೊಮ್ಮೆ ಮಾತ್ರ ದೊಡ್ಡಬಸಮ್ಮ ಕುರುಗೋಡಿಗೆ ಹೋಗಿ ಆ ಮನೆಯ ಮುಂದೆ ನಿಂತು, ಮಗಳ ವಂಕಿ ಕೊಡಿರೆಂದು ಕೂಗಿ, ನೀರೂ ಮುಟ್ಟದೆ ಬರುತ್ತಿದ್ದಳು. ಬಾಗಿಲ ಸಂದಿಯಲ್ಲಿ ಸಾವಂತ್ರಿ ನಿಂತಿರುತ್ತಿದ್ದಳು.

ಮೂಕಮ್ಮನ ತಮ್ಮ ಎರ್ರಿಸ್ವಾಮಿ ಸಿರುಗುಪ್ಪದಲ್ಲಿ ಹೈಸ್ಕೂಲು ಮುಗಿಸಿ ಬಳ್ಳಾರಿಗೆ ಬಂದು ಹಾಸ್ಟೆಲು ಸೇರಿ ಬಿ.ಎ. ಓದುತ್ತಿದ್ದ. ಎಪ್ಪತ್ಮೂರರ ಜನವರಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಾನ್ಸನ್ ತೀರಿಕೊಂಡಾಗ ಕಾಲೇಜಿನ ಚರಿತ್ರೆ ಸಂಘ ಒಂದು ಚರ್ಚಾಸ್ಪರ್ಧೆ ಇಟ್ಟಿತು. ವಿಷಯ, ಜಾನ್ಸನ್ ಆಡಳಿತದ ಲಾಭ ನಷ್ಟ. ಎರ್ರಿಸ್ವಾಮಿ ತಾನಾಗಿಯೇ ಲಾಭದ ಕಡೆ ಹೆಸರು ಕೊಟ್ಟ. ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ. ಕರಿಯರಿಗೆ ಮತದ ಹಕ್ಕು ಕಾನೂನಿನಲ್ಲಿ ಗಟ್ಟಿಯಾದದ್ದು ಆ ಮನುಷ್ಯನ ಕಾಲದಲ್ಲಿ. ಮುದುಕರ ಆಸ್ಪತ್ರೆ ಖರ್ಚನ್ನು ಸರಕಾರ ಹೊತ್ತದ್ದೂ ಆಗಲೇ. ವಿಯೆಟ್ನಾಮಿನ ಯುದ್ಧವನ್ನು ಒಪ್ಪಲು ಸಾಧ್ಯವಿರಲಿಲ್ಲ, ಅದನ್ನು ಎದುರಾಳಿಗೆ ಬಿಟ್ಟುಕೊಡುವುದೇ ಸರಿ ಎಂದುಕೊಂಡ. ಆದರೆ ಬರಗಾಲದಲ್ಲಿ ಅಮೆರಿಕದಿಂದ ಬಂದ ಗೋಧಿಯನ್ನು ಬಿಡುವಂತಿರಲಿಲ್ಲ. ಆ ಗೋಧಿಯ ಉಪ್ಪಿಟ್ಟಿನ ಆಸೆಗೇ ಅವನು ಸಾಲಿ ತಪ್ಪಿಸದೆ ಹೋದದ್ದು. ಅವನ ಜೊತೆಯವರಲ್ಲಿ ಅರ್ಧ ಜನ ಅದಕ್ಕೇ ಅಕ್ಷರ ಕಲಿತದ್ದು.

ನಷ್ಟದ ಕಡೆ ಮಾತಾಡುವವನು ಸತ್ಯನಾರಾಯಣಪೇಟೆಯ ಕೊಟ್ಟೂರಪ್ಪ, ಡಾಕ್ಟರರ ಮಗ. ಮನೆಯ ಊಟಕ್ಕಿಂತ ಹಾಸ್ಟೆಲಿನ ಹರಟೆ ಅವನಿಗೆ ಇಷ್ಟ. ಮೆಸ್ಸಿನಲ್ಲಿ ಸಾಲಾಗಿ ಕೂತು ಉಣ್ಣುವಾಗ ಎರ್ರಿಸ್ವಾಮಿಯನ್ನು ಕೆಣಕಿದ.

“ಲೇ ಜಾನ್ಸನ್ನನ ಮೊಮ್ಮಗನ, ಕೇಳಿಲ್ಲಿ. ಗೋಧಿ ಕೊಟ್ಟ, ಖರೆ. ತಿಂಗಳಾ ತಿಂಗಳಾ ಹಡಗು ತಡೆದು ತಡೆದು ಕೊಟ್ಟ. ಒಕ್ಕಲುತನ ಸುಧಾರಿಸ್ರಿ, ಮಕ್ಕಳು ಕಡಿಮಿ ಹಡೀರಿ ಅಂದ. ನಮ್ಮ ಸರಕಾರದವರಿಗೂ ಅದಽ ಬೇಕಾಗಿತ್ತು. ಹೊಟ್ಟೀಗೆ ಗೋಧಿ, ಹೆಂಗಸರಿಗೆ ವಂಕಿ. ಮುಗೀತು ಪಾಲಿಸಿ.”

“ವಂಕಿ ಅಮೆರಿಕಾದಿಂದ ಬಂದವಾ?” ಎಂದ ಎರ್ರಿಸ್ವಾಮಿ. “ಬೆಳ್ಳಿವೇನು?”

ಸಾಲಿಗೆ ಸಾಲೇ ನಕ್ಕಿತು. ಬೇಕೆಂದೇ ಮಾಡಿದ ಚೇಷ್ಟೆ ಎಂದುಕೊಂಡರು.

“ಪ್ಲಾಸ್ಟಿಕ್ಕಿನವು. ತೋಳಿಗಲ್ಲಲೇ,” ಎಂದ ಕೊಟ್ಟೂರಪ್ಪ. ನಗುತ್ತಲೇ ಉಳಿದದ್ದನ್ನೂ ಹೇಳಿದ. ಮಕ್ಕಳಾಗದಂತೆ ಗರ್ಭಕೋಶದೊಳಗೆ ಇಡುವ ಲೂಪಿಗೆ ಸರಕಾರದ ಕನ್ನಡದಲ್ಲಿ ವಂಕಿ ಎಂದು ಹೆಸರು. ಕೆಲವರಿಗೆ ಅದರಿಂದ ರಕ್ತ ಹೋಗುತ್ತಲೇ ಇರುತ್ತದೆ. ಆಗ ಕೂಡಲೇ ಡಾಕ್ಟರಿಗೆ ತೋರಿಸಬೇಕು.

ಎರ್ರಿಸ್ವಾಮಿ ತುತ್ತನ್ನು ತಟ್ಟೆಗೆ ಹಾಕಿ ಎದ್ದುಹೋದ.

ಮರುದಿನ ಕುರುಗೋಡಿಗೆ ಹೋದ. ಗಾಳೆಪ್ಪ ಗುಡ್ಡದ ಬುಡದಲ್ಲಿ ಕಲ್ಲು ಒಡೆಯುತ್ತಿದ್ದ. ಏಳು ವರ್ಷದ ಮೇಲೆ ಎದುರಿಗೆ ಬಂದ ಭಾವಮೈದುನನನ್ನು ನೋಡಿ ಸುತ್ತಿಗೆ ಕೆಳಗಿಟ್ಟ. ಅಕ್ಕನಿಗೆ ಹಾಕಿದ ವಂಕಿ ಎಂಥದ್ದೆಂದು ನಿನಗೆ ಗೊತ್ತಿತ್ತೇ ಎಂದು ಎರ್ರಿಸ್ವಾಮಿ ಕೇಳಿದ. ಕೊನೆಗೆ ಗೊತ್ತಾಯಿತು ಎಂದ ಗಾಳೆಪ್ಪ. ಎಚ್ಚರ ತಪ್ಪಿ ಬಿದ್ದ ಮೇಲೆ ಬಂಡಿಯಲ್ಲಿ ಬಳ್ಳಾರಿಗೆ ಒಯ್ಯುವಾಗ ದಾರಿಯಲ್ಲಿ ಎಚ್ಚರವಾಗಿ ಅವಳೇ ಹೇಳಿದ್ದಳು. ವಂಕಿ ಹಾಕಿದ ದಿನದಿಂದ ರಕ್ತ ಹೋಗುತ್ತಿತ್ತು, ಬಟ್ಟೆಯನ್ನು ಯಾರೂ ಏಳುವ ಮೊದಲೇ ಒಗೆದುಬಿಡುತ್ತಿದ್ದಳು. ಬಂಡಿ ಬಳ್ಳಾರಿ ಮುಟ್ಟಲಿಲ್ಲ.

“ಅವ್ವ ಕಳ್ಳ ಅಂದಾಗರ ಹೇಳಬೇಕಿತ್ತು, ಮಾವ.”

“ಅತ್ತಿ ಮುಂದ ಅಳಿಯ ಆಡೋ ಮಾತಾ ಅದು?” ಎಂದ ಗಾಳೆಪ್ಪ. “ಯಾಕ ಮುಚ್ಚಿಟ್ಟಿ ಅಂತ ನಾ ಕೇಳಿದೆ ನಿಮ್ಮಕ್ಕನ್ನ. ಅವ್ವ ಯಾರಿಗೂ ತೋರಿಸಬ್ಯಾಡ ಅಂದಾಳ ಅಂದ್ಲು. ಅವ್ವಗ ಎಲ್ಲಾ ಗೊತ್ತೈತಿ ಅಂದ್ಕೊಂಡಿದ್ಲು. ಅದನ್ನ ಹೋಗಿ ನಿಮ್ಮವ್ವಗ ಹೇಳ್ಲೇನು? ಕಳ್ಳ ಅಂದ್ರ ಅನ್ನಲಿ. ನೀನೂ ಹೇಳಬ್ಯಾಡ.”

ಅಷ್ಟರಲ್ಲಿ ಸಾವಂತ್ರಿ ಅಪ್ಪನಿಗೆ ಬುತ್ತಿ ತಂದಳು. ಹತ್ತು ವರ್ಷದ ಹುಡುಗಿ, ಮುಖ ಮೂಕಮ್ಮನದೇ. ಇವನು ಕೆಂಚನಗುಡ್ಡದ ಮಾವ ಎಂದು ಗಾಳೆಪ್ಪ ಹೇಳಿದ. ಅವಳು ಬುತ್ತಿ ಕೆಳಗಿಡಲಿಲ್ಲ.

“ನೀನೂ ವಂಕಿ ಕೇಳಾಕ ಬಂದೀಯೇನು?” ಎಂದಳು.

ಎರ್ರಿಸ್ವಾಮಿ ಅಲ್ಲಿಂದ ನೇರ ಕೆಂಚನಗುಡ್ಡದ ಬಸ್ಸು ಹಿಡಿದ. ಹುಡುಗಿಯ ತಲೆಯಿಂದ ಆ ಮಾತು ಹೋಗಬೇಕಾದರೆ ತಾಯಿಗೆ ನಿಜ ಗೊತ್ತಾಗಬೇಕು, ತೋರಿಸಬೇಡ ಎಂದ ಮಾತನ್ನು ಮಾತ್ರ ಎತ್ತಬಾರದು ಎಂದು ದಾರಿಯಲ್ಲಿ ನಿರ್ಧರಿಸಿದ.

ದೊಡ್ಡಬಸಮ್ಮ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅಮೆರಿಕದ ಅಧ್ಯಕ್ಷನ ಮೇಲೆ ಹತ್ತು ನಿಮಿಷ ತಡವರಿಸದೆ ಮಾತಾಡಬಲ್ಲವನಿಗೆ ತಾಯಿಯ ಮುಂದೆ ಒಂದು ವಾಕ್ಯ ಕೂಡಲಿಲ್ಲ. ಕಾಯಿ ಕೈಗೆ ತೆಗೆದುಕೊಂಡ, ಇಟ್ಟ.

“ಯವ್ವಾ, ಗಾಳೆಪ್ಪ ಮಾವ ಏನೂ ಕದ್ದಿಲ್ಲ. ಡೇರೆದಾಗ ಹಾಕಿದ್ದು ತೋಳಿನ ವಂಕಿ ಅಲ್ಲ.”

“ಮತ್ತೆಲ್ಲಿಂದು?”

“ಮಕ್ಕಳಾಗಬಾರದಂತ ಹೆಂಗಸರಿಗೆ ಒಳಗ ಹಾಕ್ತಾರ. ಅಕ್ಕಗ ಅದು ಹಿಡಿಸಲಿಲ್ಲ. ರಕ್ತ ನಿಲ್ಲಲಿಲ್ಲ.”

ದೊಡ್ಡಬಸಮ್ಮ ತೊಟ್ಟು ಮುರಿಯುತ್ತಲೇ ಇದ್ದಳು. ಮುಂದಿದ್ದ ಗುಡ್ಡೆ ಅರ್ಧಕ್ಕೆ ಬಂತು. ಆಮೇಲೆ ಕೇಳಿದಳು.

“ಯಾರಿಗಾರ ತೋರಿಸಿದ್ರ ಉಳೀತಿದ್ಲೇನು?”

ಎರ್ರಿಸ್ವಾಮಿ ಗೊತ್ತಿಲ್ಲ ಎಂದ.

“ನಾನಽ ಅಂದಿದ್ದೆ,” ಎಂದಳು. “ಬಸ್ಸಿನ ಹತ್ರ.”

ಖಾರದ ಕೈಯಲ್ಲಿ ಮುಖ ಒರೆಸಿಕೊಂಡಳು. ಕಣ್ಣಿಗೆ ಖಾರ ಹತ್ತಿತು. ಅವನು ನೀರು ತಂದರೆ ತೆಗೆದುಕೊಳ್ಳಲಿಲ್ಲ.

ಸ್ಪರ್ಧೆಯಲ್ಲಿ ಎರ್ರಿಸ್ವಾಮಿ ಸಿದ್ಧಪಡಿಸಿದ್ದನ್ನೇ ಹೇಳಿದ. ಮತದ ಹಕ್ಕು, ಮುದುಕರ ಆಸ್ಪತ್ರೆ, ಗೋಧಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಡೇರೆ ಹಾಕಿದ್ದು ಇಲ್ಲಿಯವರು, ವಂಕಿ ಎಂದು ಹೆಸರಿಟ್ಟವರೂ ಇಲ್ಲಿಯವರು, ಹೋಗು ಎಂದವಳು ಹೆತ್ತವಳು. ಇದರಲ್ಲಿ ಜಾನ್ಸನ್ನನ ಪಾಲು ಎಷ್ಟು ಎಂದು ಅಳೆಯಲು ಅವನಿಗೆ ಬರಲಿಲ್ಲ. ಅದಕ್ಕೆ ಅಕ್ಕನ ಮಾತು ಎತ್ತಲಿಲ್ಲ. ಕೊಟ್ಟೂರಪ್ಪ ವಿಯೆಟ್ನಾಮಿನ ಹೆಣಗಳ ಲೆಕ್ಕ ಕೊಟ್ಟ. ವಂಕಿಯ ತಮಾಷೆಯನ್ನು, ಎರ್ರಿಸ್ವಾಮಿಯ ಮುಖ ನೋಡಿ, ಬಿಟ್ಟ. ಮೊದಲ ಬಹುಮಾನ ಅವನಿಗೆ ಬಂತು, ಎರಡನೆಯದು ಎರ್ರಿಸ್ವಾಮಿಗೆ.

ದೊಡ್ಡಬಸಮ್ಮ ಆ ವರ್ಷ ಕುರುಗೋಡಿಗೆ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಗಾಳೆಪ್ಪ ತಾನೇ ಹೇಳಿಕಳಿಸಿದ, ಬಂದು ಮೊಮ್ಮಗಳನ್ನು ನೋಡಿ ಹೋಗಲಿ ಎಂದು. ಯಾವ ಮುಖ ಹೊತ್ತು ಹೋಗಲಿ ಎಂದಳು. ಕಳ್ಳ ಎಂದು ಕೂಗಲು ಹೋಗುತ್ತಿದ್ದಾಗ ಬಾಗಿಲ ಸಂದಿಯಲ್ಲಾದರೂ ಹುಡುಗಿ ಕಾಣುತ್ತಿದ್ದಳು. ಈಗ ಅದೂ ಇಲ್ಲ.

ದೊಡ್ಡಬಸಮ್ಮನ ಮನೆಯಿಂದ ಹೋದದ್ದು ಇಷ್ಟು: ಒಬ್ಬಳು ಮಗಳು, ಒಬ್ಬಳು ಮೊಮ್ಮಗಳು. ಬೆಳ್ಳಿ ಏನೂ ಹೋಗಲಿಲ್ಲ.