ತಾನಾಗಿ ಆರುವ ಸಿಹಿ

ಹೊಗೆ ಏಳುತ್ತಿದೆ, ಕಾಣುತ್ತಿದೆ, ಇಕ್ಕಳದಲ್ಲಿ ಹಿಡಿದ ಕೀಬೋರ್ಡಿನ ಚೂರಿನಿಂದ ಎದ್ದು ನೇರ ಅವಳ ಮೂಗಿಗೇ ಬರುತ್ತಿದೆ, ಕಣ್ಣು ಉರಿಯುತ್ತಿದೆ, ಗಂಟಲು ಕೆರೆಯುತ್ತಿದೆ, ವಾಸನೆ ಮಾತ್ರ ಇಲ್ಲ — ಗಾಜಿನ ಆಚೆ ನಿಂತು ಯಾರೋ ಮಾತಾಡಿದ ಹಾಗೆ, ತುಟಿ ಆಡುತ್ತದೆ, ಮಾತು ಕೇಳುವುದಿಲ್ಲ. ಹೇಳು ಮೂಗಕ್ಕ, ಸಿಹಿಯೋ ಹುಳಿಯೋ ಮೇಣವೋ? ಯಜಮಾನ ಎದುರಿನ ಸ್ಟೂಲಿನ ಮೇಲೆ ಕೂತಿದ್ದಾನೆ, ಜೇಬಿನಲ್ಲಿ ಚೀಟಿ, ಚೀಟಿಯಲ್ಲಿ ಉತ್ತರ, ಪ್ಲಾಸ್ಟಿಕ್ ಕರಗಿಸುವವನೇ ಗುರುತು ಮಾಡಿ ಕಳಿಸಿದ ಐದು ಚೂರು, ಐದಕ್ಕೆ ಐದು ಸರಿ ಹೇಳಿದರೆ ಬೆಂಚು ನಿನ್ನದೇ, ಒಂದು ತಪ್ಪಿದರೂ ನಾಳೆಯಿಂದ ಮಗಳನ್ನ ಕೂರಿಸು, ಅಷ್ಟೇ. ಅವಳು ಚೂರನ್ನು ಮೂಗಿನ ಹತ್ತಿರಕ್ಕೆ ತಂದು ಕಣ್ಣಿನಿಂದ ಮೂಸಿದಳು — ಕಪ್ಪು ಮಸಿ, ಜೇಡರ ಬಲೆಯ ಹರಿದ ಎಳೆಯಂತೆ ತೇಲುವ ಮಸಿ, ಉರಿ ಆರುತ್ತಿಲ್ಲ. ಸಿಹಿ, ಯಜಮಾನ್ರೇ. ಅವನು ಚೀಟಿ ನೋಡಿ ಹೂಂ ಅಂದ.

ಹದಿನೆಂಟು ವರ್ಷದಿಂದ ಇದೇ ಕೆಲಸ, ಒಡೆದ ಕಂಪ್ಯೂಟರು ಪ್ರಿಂಟರು ಟಿವಿಗಳ ಚಿಪ್ಪಿಗೆ ಲೈಟರ್ ಹಿಡಿದು, ಮೂಸಿ, ಮೂರು ಬುಟ್ಟಿಗೆ ಹಾಕುವುದು, ಬಾಡಿದ ಹೂವಿನ ಹಾಗೆ ಬಂದರೆ ಸಿಹಿ, ಸೂಜಿಯ ಹಾಗೆ ಚುಚ್ಚಿದರೆ ಹುಳಿ, ಊದಿ ಆರಿಸಿದ ಮೇಣದಬತ್ತಿಯ ಹಾಗಿದ್ದರೆ ಮೇಣ. ಮೂಗಕ್ಕ ಅನ್ನುವ ಹೆಸರು ಇಟ್ಟದ್ದು ಮೂಟೆ ಹೊರುವವನು, ಬಾಯಿ ಇರೋ ಮೂಗಿ ಅಂದ್ರೆ ಇವಳೊಬ್ಬಳೇ ಕಣ್ರೋ ಎಂದು ನಗುತ್ತಿದ್ದ. ವಾಸನೆ ಯಾವಾಗ ಹೋಯಿತು? ಮೊದಲು ಸೋಪು ಹೋಯಿತು, ಅಲ್ಲ, ಮೊದಲು ಹಾಲು, ಹಾಲು ಸೀದು ಪಾತ್ರೆ ಕರ್ರಗಾದಾಗ ಮಹಡಿಯಿಂದ ಓಡಿ ಬಂದವಳು ಮಗಳು, ಒಲೆಯ ಮುಂದೆ ನಿಂತಿದ್ದವಳು ಇವಳು. ನೆಗಡಿ ಅಂದುಕೊಂಡಳು, ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ, ಹೋಗುತ್ತೆ ಅಂದುಕೊಂಡಳು, ನೆಗಡಿ ಹೋಗಲಿಲ್ಲ, ನೆಗಡಿ ಇರಲೇ ಇಲ್ಲ. ಹತ್ತು ತಿಂಗಳು ಕಣ್ಣಿನಿಂದಲೇ ಮೂಸಿ ನಡೆಸಿದಳು, ತೊಟ್ಟಿಕ್ಕಿದರೆ ಮೇಣ, ಎಳೆಮಸಿ ಹಾರಿದರೆ ಸಿಹಿ, ಲೈಟರ್ ತೆಗೆದ ಕೂಡಲೇ ಆರಿದರೆ ಹುಳಿ, ಯಾರಿಗೂ ಗೊತ್ತಾಗಲಿಲ್ಲ, ಹಳೆಯ ಟಿವಿಗಳ ಲೋಡು ಬರುವವರೆಗೆ. ಟಿವಿಯ ಬೆನ್ನು ಸಿಹಿಯೇ, ಆದರೆ ಬೆಂಕಿ ಹತ್ತದಿರಲಿ ಅಂತ ಅದಕ್ಕೆ ಏನೋ ಮದ್ದು ಬೆರೆಸಿರುತ್ತಾರಂತೆ, ಹುಳಿಯ ಹಾಗೆ ತಾನಾಗಿ ಆರುತ್ತದೆ, ಮೂಗಿದ್ದವರಿಗೆ ಮಾತ್ರ ಗೊತ್ತಾಗುವ ಸಿಹಿ, ಅವಳು ಇಡೀ ಮೂಟೆಯನ್ನು ಹುಳಿಗೆ ಸುರಿದಿದ್ದಳು, ಕರಗಿಸುವವನ ಕೊಪ್ಪರಿಗೆ ಕೆಟ್ಟಿತು, ಅದಕ್ಕೇ ಇವತ್ತು ಈ ಪರೀಕ್ಷೆ. ಎರಡನೆಯ ಚೂರು ತೊಟ್ಟಿಕ್ಕಿತು. ಮೇಣ. ಹೂಂ.

ಮೂರನೆಯದೋ ನಾಲ್ಕನೆಯದೋ, ತಲೆಯೊಳಗೆ ಯಾರೋ ಡಬ್ಬ ಅಲ್ಲಾಡಿಸಿದ ಹಾಗೆ, ಲೈಟರ್ ಹಿಡಿದ ಹೆಬ್ಬೆರಳು ಎರಡು ಸಲ ಜಾರಿತು. ನಿಧಾನ, ನಾನೇನು ನಿನ್ನ ನುಂಗ್ತೀನಾ, ಯಜಮಾನ ಕೆಟ್ಟವನಲ್ಲ, ಅವನೂ ಕೆಮ್ಮುತ್ತಾನೆ, ಬಸುರಿ ಮೂಗು ಅಂದ್ರೆ ಎರಡು ಮೂಗಿನ ಲೆಕ್ಕ ಕಣಮ್ಮ, ನಿನ್ನ ಮಗಳು ಬೆಂಚಿಗೆ ಬಂದ್ರೆ ಲೈಟರ್ರೇ ಬೇಡ. ನಿಜ, ಐದು ತಿಂಗಳಾಗಿದೆ, ಮಗಳಿಗೀಗ ಎಲ್ಲವೂ ನಾರುತ್ತದೆ, ಅಮ್ಮ ಇವತ್ತು ಪ್ರಿಂಟರ್ ಸುಟ್ಯಾ, ನಿನ್ನ ಕೂದಲಲ್ಲಿದೆ, ದೂರ ಹೋಗು, ಮತ್ತೆ ಅವಳೇ, ನಾನೇ ಕೂರ್ತೀನಿ ಬಿಡಮ್ಮ, ಮೂಸೋದು ತಾನೇ, ಕಲ್ಲು ಹೊರೋದಾ? ಚಿಕ್ಕವಳಿದ್ದಾಗಿನಿಂದ ಹಾಗೇ, ಹುಳಿಯಾದರೆ ಮುಖ ಕಿವುಚುತ್ತಾಳೆ, ಸಿಹಿಯಾದರೆ ಮೂಗಿನ ಹೊಳ್ಳೆ ಅರಳುತ್ತದೆ, ಬೆಂಚಿನ ಕೆಳಗೆ ಕೂತು ಆಟ ಆಡುತ್ತಿದ್ದವಳ ಹೊಳ್ಳೆ, ಬಟಾಣಿಯಷ್ಟು, ಅರಳಿ ಮುಚ್ಚಿ. ಅವಳಾದ ಮೇಲೆ ಎರಡು ಬಸಿರು ನಿಲ್ಲಲಿಲ್ಲ, ಒಂದು ಮೂರು ತಿಂಗಳಿಗೆ, ಒಂದು ಐದಕ್ಕೆ, ಬೆಂಚಿಗೆ ಬಂದದ್ದು ಅದಕ್ಕೆ ಮೊದಲೋ ಆಮೇಲೋ — ಮೊದಲು, ಅಲ್ಲ, ಮೂರರದ್ದು ಮೊದಲು, ಬೆಂಚು ಆಮೇಲೆ, ಐದರದ್ದು — ನೆನಪಿನ ದಾರ ಸಿಕ್ಕುತ್ತದೆ, ಕೈ ಜಾರುತ್ತದೆ. ಮಗಳ ತಪಾಸಣೆಗೆ ಹೋದಾಗ ನರ್ಸಮ್ಮನನ್ನು ಕೇಳಿದ್ದಳು, ಮೂಸಿದರೆ ಏನಾಗುತ್ತೆ, ತಿನ್ನೋದಿಲ್ಲವಲ್ಲ. ನರ್ಸಮ್ಮ ತೂಕದ ಯಂತ್ರದಿಂದ ತಲೆ ಎತ್ತಿ, ವಾಸನೆ ಗೊತ್ತಾಯ್ತು ಅಂದ್ರೆ ಅದು ಆಗಲೇ ಒಳಗೆ ಹೋಗಿದೆ ಅಂತ ಕಣಮ್ಮ, ಮೂಗೇನು ದೂರದಿಂದ ನೋಡೋ ಕಣ್ಣಾ? ಮಾಸ್ಕ್ ಹಾಕ್ಕೊ ಅಂದಳು, ಮಾಸ್ಕ್ ಹಾಕ್ಕೊಂಡು ಮೂಸೋದು ಹೇಗೆ ಅಂತ ಇವಳು ನಕ್ಕಳು, ನರ್ಸಮ್ಮ ನಗಲಿಲ್ಲ. ಸಿಹಿ, ಯಜಮಾನ್ರೇ. ಹೂಂ. ಇದು ಮೇಣ. ಹೂಂ, ಪರವಾಗಿಲ್ವೇ, ಮೂಗು ಇನ್ನೂ ಇದೆ ಹಾಗಾದ್ರೆ, ಇನ್ನೊಂದೇ ಇನ್ನೊಂದು.

ಐದನೆಯದು ಬೂದು ಬಣ್ಣದ್ದು, ದಪ್ಪ, ಅಂಚಿನಲ್ಲಿ ಗಾಳಿಯಾಡುವ ಸೀಳು. ಹತ್ತಿಸಿದಳು, ಲೈಟರ್ ತೆಗೆದಳು, ಆರಿತು. ಇನ್ನೊಮ್ಮೆ, ಆರಿತು. ಹುಳಿ ಆರುತ್ತದೆ, ಟಿವಿಯ ಸಿಹಿಯೂ ಆರುತ್ತದೆ, ಸೀಳು ಟಿವಿಗೂ ಇರುತ್ತದೆ, ವೈರು ಸಾಗುವ ಹುಳಿ ಪೆಟ್ಟಿಗೆಗೂ ಇರುತ್ತದೆ, ಹೊಗೆ ಎಳೆದಳು, ಎದೆ ತುಂಬ ಎಳೆದಳು, ಉರಿ, ಬರೀ ಉರಿ, ಹೇಳು ಮೂಗಕ್ಕ, ಹುಳಿ ಅನ್ನಲೇ, ನಾಲಿಗೆ ಹು ಎಂದು ಎದ್ದಿತು, ಅಷ್ಟರಲ್ಲಿ ಅಮ್ಮ, ಊಟದ ಡಬ್ಬಿ ಮರೆತು ಬಂದಿದ್ದೀಯ, ಬಾಗಿಲಲ್ಲಿ ಮಗಳು, ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈಯಲ್ಲಿ ಡಬ್ಬಿ, ಹೋಗು ಅನ್ನಬೇಕು, ಹೋಗೇ ಆಚೆ ಅನ್ನಬೇಕು, ಹೊಗೆ ಅತ್ತ ಬಾಗಿತು, ಫ್ಯಾನಿನ ಗಾಳಿಯೋ, ಕೈ ಸೋತು ವಾಲಿತೋ, ಇಕ್ಕಳವನ್ನು ಇವಳೇ ತಿರುಗಿಸಿದಳೋ, ಇಲ್ಲ, ತಿರುಗಿಸಲಿಲ್ಲ, ತಿರುಗಿದೆ, ಇಕ್ಕಳ ಬಾಗಿಲ ಕಡೆಗಿದೆ, ಕಣ್ಣು ಮಗಳ ಮುಖದ ಮೇಲಿದೆ, ಮುಖ ಕಿವುಚುತ್ತದೋ, ಕಿವುಚಲಿಲ್ಲ, ಹೊಳ್ಳೆ ಅರಳಿತು. ಗೊತ್ತಾಯಿತು. ಸಿಹಿ, ಸಿಹಿ ಇದು, ಐದಕ್ಕೆ ಐದು, ಮಗಳು ಬೆಂಚಿಗೆ ಬರಬೇಕಾಗಿಲ್ಲ, ಗೊತ್ತಾಯಿತು ಅಂದರೆ ಆಗಲೇ ಒಳಗೆ — ಯಾವುದು, ಹೇಳಮ್ಮ ಬೇಗ, ಯಜಮಾನನ ಕೈ ಜೇಬಿಗೆ ಹೋಯಿತು, ಇವಳ ಬಾಯಿ ತೆರೆದಿದೆ, ಹೊಗೆಯ ಆಚೆ ಆ ಹೊಳ್ಳೆ, ಬಟಾಣಿಯಷ್ಟು, ಅರಳಿದ ಹೊಳ್ಳೆ, ಇನ್ನೂ ಅರಳುತ್ತಿರುವ, ಮುಚ್ಚದ