ಸೆರಗಿನಲ್ಲಿ ಉಳಿದ ಸೂಜಿ

ಅತ್ತೆಯ ಕಣ್ಣಿಗೆ ಹನಿ ಬಿಟ್ಟು, ಮಗಳಿಗೆ ಜಡೆ ಹಾಕಿ, ಇಬ್ಬರನ್ನೂ ದೇವಿಯ ಗುಡಿಗೆ ಕಳಿಸಿ ಅಂಗಡಿ ಗುಡಿಸಲು ನಿಂತೆ. ಸೂಜಿಗಳನ್ನು ಚುಚ್ಚಿಡುವ ಬಟ್ಟೆಯುಂಡೆಯ ಮೇಲೆ ಕೆಂಪು ದಾರದ ಸೂಜಿ ಇರಲಿಲ್ಲ.

ನಿನ್ನೆ ಸಂಜೆ ದೇವಿಯ ಸೀರೆಗೆ ಸೆರಗಿನ ಅಂಚು ಹೊಲಿದು ಮುಗಿಸಿದ್ದೆ, ದಾರ ಕತ್ತರಿಸುವುದಷ್ಟೇ ಉಳಿದಿತ್ತು. ಹಾಲು ಉಕ್ಕಿತೆಂದು ಎದ್ದಾಗ, ಕಳೆದುಹೋಗದಿರಲಿ ಎಂದು ಸೂಜಿಯನ್ನು ಅಂಚಿನ ಮಡಿಕೆಯೊಳಗೇ ಚುಚ್ಚಿಟ್ಟಿದ್ದೆ. ಅದು ನನ್ನ ಹಳೆಯ ಚಾಳಿ. ಒಲೆಯ ಹತ್ತಿರ ಇದ್ದಾಗಲೇ ಪೂಜಾರಿಯ ಹೆಂಡತಿ ಬಂದು ಸೀರೆ ಒಯ್ದಿದ್ದರು.

ವರ್ಷಕ್ಕೊಮ್ಮೆ ಈ ದಿನ ಗುಡಿಯೊಳಗೆ ಹೆಂಗಸರಷ್ಟೇ ಇರುತ್ತಾರೆ. ಒಬ್ಬೊಬ್ಬರಾಗಿ ದೇವಿಯ ಸೆರಗು ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಎರಡೂ ಕಣ್ಣಿಗೆ, ಗಟ್ಟಿಯಾಗಿ.

ಚಪ್ಪಲಿ ಮೆಟ್ಟದೆ ಓಡಿದೆ.

ಸಾಲು ಬೀದಿಯವರೆಗೂ ಬಂದಿತ್ತು. ನುಗ್ಗಿದ ನನ್ನ ತೋಳನ್ನು ಹೂ ಮಾರುವವಳು ಹಿಡಿದಳು.

"ಏನ್ ದರ್ಜಿಯಮ್ಮ, ಹೊಲಿಯೋದು ಬಿಟ್ಟು ನಮ್ಮ ಸಾಲು ಕತ್ತರಿಸೋಕೆ ಬಂದ್ರಾ?"

ಎಲ್ಲರೂ ನಕ್ಕರು. ನಿಜ ಹೇಳಿದರೆ ನಾಳೆಯಿಂದ ಯಾರು ನನ್ನ ಕೈಗೆ ಬಟ್ಟೆ ಕೊಡುತ್ತಾರೆ? ದೇವಿಗೆ ಹೊಲಿಯುವವಳು ಎಂಬ ಹೆಸರಿನ ಮೇಲೇ ಮನೆ ನಡೆಯುತ್ತಿತ್ತು.

"ಒಂದು ಮಡಿಕೆ ಸರಿ ಮಾಡ್ಬೇಕಿತ್ತಕ್ಕ," ಎಂದೆ.

"ಚೆನ್ನಾಗೇ ಇದೆ, ಸುಮ್ನಿರಮ್ಮ," ಎಂದರು ಒಳಗಿನಿಂದ ಪೂಜಾರಿಯ ಹೆಂಡತಿ.

ಕಂಬದ ಸಂದಿಯಿಂದ ನೋಡುತ್ತಿದ್ದೆ. ಒಬ್ಬಳು ಒತ್ತಿಕೊಂಡಳು, ಏನೂ ಆಗಲಿಲ್ಲ. ಇನ್ನೊಬ್ಬಳು ಒತ್ತಿಕೊಂಡಳು, ಅವಳಿಗೂ ಏನೂ ಆಗಲಿಲ್ಲ. ಇಲ್ಲವೇನೋ, ಅಂಗಡಿಯಲ್ಲೇ ಎಲ್ಲೋ ಬಿದ್ದಿರಬೇಕು ಎಂದುಕೊಳ್ಳುವಷ್ಟರಲ್ಲಿ ಅತ್ತೆಯ ಸರದಿ ಬಂತು. ಅವರಿಗೆ ಕಾಣುವುದು ಬಲಗಣ್ಣೊಂದೇ. ಅದಕ್ಕೂ ಮೊನ್ನೆಯಷ್ಟೇ ಆಪರೇಷನ್ ಆಗಿತ್ತು. ಯಾರದೋ ತಲೆ ಅಡ್ಡ ಬಂದು ಸರಿದಾಗ ಮಗಳು ಸೆರಗನ್ನು ಮುದ್ದೆ ಮಾಡಿ ಎತ್ತಿ ಹಿಡಿದಿದ್ದಳು.

"ಬಲಗಣ್ಣಿಗೆ ಒತ್ಕೋ ಅಜ್ಜಿ."

ಕಂಬ ಬಿಟ್ಟು ಒಳಗೆ ನುಗ್ಗಿದೆ.

"ಅತ್ತೆ, ಬೇಡ. ಸೂಜಿ ಇದೆ ಅದ್ರಲ್ಲಿ."

ಅತ್ತೆ ಗಾಬರಿಯಾಗಲಿಲ್ಲ. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಸವರುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿದೆ ನೋಡೇ."

ಕೆಂಪು ದಾರದ ಜೊತೆ ಸೂಜಿ ಈಚೆ ಬಂತು. ಅರ್ಧ ಸೂಜಿ. ಮುರಿದಿತ್ತು. ಮೊನೆ ಇರಲಿಲ್ಲ.

ಅಲ್ಲೇ ಕೂತು, ನಾನೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದೆ ಒಬ್ಬೊಬ್ಬರೇ ತಮ್ಮ ರೆಪ್ಪೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅಂಚು ಪೂರ್ತಿ ಬಿಚ್ಚಿತು. ಮೊನೆ ಸಿಗಲಿಲ್ಲ.

ತಲೆಯೆತ್ತಿದೆ. ಮಗಳು ಎಡಗಣ್ಣು ಉಜ್ಜುತ್ತಿದ್ದಳು.

"ನೀನೂ ಒತ್ಕೊಂಡ್ಯಾ?"

"ಮೊದ್ಲು ನಾನೇ ಒತ್ಕೊಂಡೆ. ಅಜ್ಜಿಗೆ ಹೇಗೆ ಅಂತ ತೋರಿಸೋಕೆ."

ಅವಳ ಕೈ ಹಿಡಿದು ಕೆಳಗಿಳಿಸಿದೆ. "ಉಜ್ಜಬೇಡ ಕಂದ. ಅಮ್ಮನ ಕಡೆ ನೋಡು."